ಕೊಡಗಿನ ಕಾಫಿ, ಕಾಳುಮೆಣಸಿಗೆ ಯಾವ ಮಾರುಕಟ್ಟೆ? ಆಹಾರ ಸುರಕ್ಷತೆಯ ಅಂತರರಾಷ್ಟ್ರೀಯ ನಿಯಮಗಳ ಹೋಲಿಕೆ

ಕೊಡಗಿನಲ್ಲಿ ಕಾಫಿ ಮಾರುವವರು ಮಾರುಕಟ್ಟೆಯ ಬಗ್ಗೆ ಯೋಚಿಸುವುದು ಸಾಮಾನ್ಯವಾಗಿ ಕೊಯ್ಲು ಮುಗಿದ ಮೇಲೆ. 50 ಕೆ.ಜಿ. ಚೀಲದ ರೋಬಸ್ಟಾ ಚೆರಿಗೆ (ಸಿಪ್ಪೆಸಹಿತ ಒಣಗಿಸಿದ ಕಾಫಿ ಹಣ್ಣಿಗೆ) ಗೋಣಿಕೊಪ್ಪದಲ್ಲಿ ಎಷ್ಟು, ಕುಶಾಲನಗರದಲ್ಲಿ ಎಷ್ಟು, ಔಟ್‌ಟರ್ನ್ (ಚೆರಿಯಿಂದ ಸಿಗುವ ಶುದ್ಧ ಬೀಜದ ಪ್ರಮಾಣ) ಎಷ್ಟು ಬರಬಹುದು ಎಂದು ವಿಚಾರಿಸಿ, ಹೆಚ್ಚು ಕೊಡುವವರ ಲಾರಿಗೆ ಚೀಲ ಏರಿಸುತ್ತಾರೆ. ದರದ ಮಟ್ಟಿಗೆ ಈ ಕ್ರಮದಲ್ಲಿ ತಪ್ಪೇನಿಲ್ಲ. ಆದರೆ ಭಾರತದ ಕಾಫಿಯ ಬಹುಪಾಲು ವಿದೇಶಕ್ಕೆ ಹೋಗುತ್ತದೆ. ಅದು ಯಾವ ದೇಶವನ್ನು ಸೇರುತ್ತದೆ ಎಂಬುದರ ಮೇಲೆ ಯಾವ ಪರೀಕ್ಷೆಗೆ ಒಳಗಾಗುತ್ತದೆ ಎಂಬುದು ನಿಂತಿದೆ. ಮೇ ತಿಂಗಳಲ್ಲಿ ಕಾಂಡಕೊರಕಕ್ಕೆಂದು ಬಳಿದ ಔಷಧ, ಜನವರಿಯ ಅಕಾಲಿಕ ಮಳೆಗೆ ಕಣದಲ್ಲಿ ನೆನೆದ ರಾಶಿ, ಗೊಬ್ಬರದ ಹಳೆಯ ಚೀಲದಲ್ಲಿ ತುಂಬಿಟ್ಟ ಮೆಣಸು, ಇವೆಲ್ಲ ತಿಂಗಳುಗಳ ನಂತರ ದೂರದ ಬಂದರಿನ ಪ್ರಯೋಗಾಲಯದಲ್ಲಿ ಅಂಕಿಗಳಾಗಿ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಮಾರುಕಟ್ಟೆಯ ಆಯ್ಕೆಯನ್ನು ವರ್ಷದ ಮೊದಲ ಸಿಂಪಡಣೆಗೂ ಮುಂಚೆಯೇ ಮಾಡಿಕೊಳ್ಳಬೇಕು ಎಂಬುದು ನನ್ನ ದೃಢವಾದ ನಿಲುವು. ಆ ಆಯ್ಕೆಗೆ ಬೇಕಾದ ಹೋಲಿಕೆಯನ್ನು ಇಲ್ಲಿ ಕಾಫಿ ಮತ್ತು ಕಾಳುಮೆಣಸನ್ನು ಮುಂದಿಟ್ಟುಕೊಂಡು ಮಾಡಿದ್ದೇನೆ; ಜೇನು ಮತ್ತು ಹಂದಿ ಸಾಕಣೆಯ ಬಗ್ಗೆ ಕೊನೆಯಲ್ಲಿ ಸ್ವಲ್ಪ ಹೇಳಿದ್ದೇನೆ.

ನಿಯಮಗಳ ಮೂಲ

ವಿಶ್ವ ವ್ಯಾಪಾರ ಸಂಸ್ಥೆಯ ಜೊತೆಯಲ್ಲೇ, 1995ರ ಜನವರಿ 1ರಂದು, ಎಸ್‌ಪಿಎಸ್ ಒಪ್ಪಂದ ಎಂದು ಕರೆಯಲಾಗುವ ಕರಾರು ಜಾರಿಗೆ ಬಂತು. ಆಹಾರದ ಸುರಕ್ಷತೆ, ಪ್ರಾಣಿಗಳ ಆರೋಗ್ಯ ಮತ್ತು ಸಸ್ಯಗಳ ಆರೋಗ್ಯವನ್ನು ಕಾಪಾಡಲು ಯಾವ ದೇಶವಾದರೂ ಆಮದಿನ ಮೇಲೆ ಷರತ್ತು ಹಾಕಬಹುದು, ಆದರೆ ಆ ಷರತ್ತಿಗೆ ವೈಜ್ಞಾನಿಕ ಆಧಾರವಿರಬೇಕು ಮತ್ತು ಅದು ವ್ಯಾಪಾರವನ್ನು ತಡೆಯುವ ನೆಪವಾಗಬಾರದು ಎಂಬುದು ಅದರ ತಿರುಳು. ಈ ಒಪ್ಪಂದ ಮೂರು ಸಂಸ್ಥೆಗಳ ಮಾನದಂಡಗಳಿಗೆ ಮಾನ್ಯತೆ ಕೊಡುತ್ತದೆ. ಆಹಾರಕ್ಕೆ ಸಂಬಂಧಿಸಿ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆ ಸೇರಿ ನಡೆಸುವ ಕೋಡೆಕ್ಸ್ ಆಯೋಗ, ಪ್ರಾಣಿಗಳಿಗೆ ಸಂಬಂಧಿಸಿ 1924ರಲ್ಲಿ ಪ್ಯಾರಿಸ್‌ನಲ್ಲಿ ಆರಂಭವಾದ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ, ಸಸ್ಯಗಳಿಗೆ ಸಂಬಂಧಿಸಿ ರೋಮ್‌ನಲ್ಲಿ ಕಾರ್ಯಾಲಯವಿರುವ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಡಂಬಡಿಕೆ.

ಬೆಳೆಗಾರರು ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಕೋಡೆಕ್ಸ್ ಮಿತಿಯನ್ನು ಪಾಲಿಸಿದ ಮಾತ್ರಕ್ಕೆ ಎಲ್ಲ ಬಾಗಿಲುಗಳೂ ತೆರೆಯುವುದಿಲ್ಲ, ಏಕೆಂದರೆ ಅಪಾಯದ ಅಧ್ಯಯನ ನಡೆಸಿ ಅದಕ್ಕಿಂತ ಬಿಗಿಯಾದ ಮಿತಿಯನ್ನು ಇಡುವ ಹಕ್ಕು ಒಪ್ಪಂದದಲ್ಲೇ ಪ್ರತಿ ದೇಶಕ್ಕೂ ಇದೆ. ಒಂದೇ ತೋಟದ ಒಂದೇ ರಾಶಿ ಒಂದು ದೇಶದಲ್ಲಿ ಸಲ್ಲುವುದು, ಇನ್ನೊಂದರಲ್ಲಿ ಸಲ್ಲದಿರುವುದು ಇದರಿಂದಲೇ. ಮಾರುಕಟ್ಟೆಗಳನ್ನು ಒಂದೊಂದಾಗಿ ನೋಡದೆ ಬೇರೆ ದಾರಿಯಿಲ್ಲ.

ಕಾಫಿಯ ಚಿಂತೆ ಬೇರೆ, ಮೆಣಸಿನ ಚಿಂತೆ ಬೇರೆ

ನಮ್ಮಲ್ಲಿ ಕಾಫಿ ತೋಟದ ಸಿಲ್ವರ್ ಓಕ್ ಮತ್ತು ನೆರಳಿನ ಮರಗಳಿಗೇ ಮೆಣಸಿನ ಬಳ್ಳಿ ಹಬ್ಬಿಸುವುದರಿಂದ ಎರಡೂ ಒಂದೇ ಬೆಳೆಯ ಎರಡು ಭಾಗಗಳಂತೆ ಕಾಣುತ್ತವೆ. ಆಹಾರ ಸುರಕ್ಷತೆಯ ಕಣ್ಣಿಗೆ ಅವು ತೀರ ಬೇರೆ ಪದಾರ್ಥಗಳು. ಕಾಫಿ ಬೀಜವನ್ನು ಕುಡಿಯುವ ಮುನ್ನ ಹೆಚ್ಚಿನ ಉಷ್ಣದಲ್ಲಿ ಹುರಿಯುತ್ತಾರೆ. ಕಣದಲ್ಲಿ ಹತ್ತಿದ ಬ್ಯಾಕ್ಟೀರಿಯಾಗಳು ಆ ಹುರಿತದಲ್ಲಿ ಸಾಯುತ್ತವೆ. ಆದರೆ ಕೆಲವು ಬೂಷ್ಟುಗಳು ಬೀಜದೊಳಗೆ ಬಿಟ್ಟುಹೋಗುವ ಓಕ್ರಾಟಾಕ್ಸಿನ್ ಎ ಎಂಬ ವಿಷ ಹುರಿದಾಗ ಕಡಿಮೆಯಾದರೂ ಪೂರ್ತಿ ಹೋಗುವುದಿಲ್ಲ. ಆದ್ದರಿಂದ ಕಾಫಿಯ ಮಟ್ಟಿಗೆ ಮುಖ್ಯ ಪ್ರಶ್ನೆಗಳು ಎರಡು, ಈ ಬೂಷ್ಟಿನ ವಿಷ ಮತ್ತು ಕೀಟನಾಶಕದ ಉಳಿಕೆ. ಮೆಣಸಿನ ಪುಡಿಯನ್ನಾದರೋ ಬೇಯಿಸಿದ ಆಹಾರದ ಮೇಲೆ ಹಾಗೆಯೇ ಉದುರಿಸಿ ತಿನ್ನುತ್ತಾರೆ. ಕಣದ ಮೇಲೆ ಓಡಾಡಿದ ಕೋಳಿ, ಹಲ್ಲಿ, ಇಲಿಗಳಿಂದ ಬಂದ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅದರಲ್ಲಿ ಜೀವಂತವಾಗಿ ತಿನ್ನುವವರ ತಟ್ಟೆಯವರೆಗೂ ಹೋಗಬಲ್ಲದು. ಹೀಗಾಗಿ ಕಾಫಿಗೆ ಯೋಗ್ಯವೆನಿಸಿದ ಮಾರುಕಟ್ಟೆಯೇ ಮೆಣಸಿಗೂ ಯೋಗ್ಯವೆಂದು ಭಾವಿಸಬೇಕಾಗಿಲ್ಲ. ಎರಡನ್ನೂ ಪ್ರತ್ಯೇಕವಾಗಿ ನಿರ್ಧರಿಸುವುದು ಒಳ್ಳೆಯದು.

ಯುರೋಪ್ ಒಕ್ಕೂಟ

ನಮ್ಮ ಕಾಫಿಗೆ ಇದೇ ದೊಡ್ಡ ಮಾರುಕಟ್ಟೆ. ಇಟಲಿ ಹಲವು ವರ್ಷಗಳಿಂದ ಭಾರತದ ಕಾಫಿಯ ಮುಖ್ಯ ಗ್ರಾಹಕ. ಹುರಿದ ಕಾಫಿಯಲ್ಲಿ ಓಕ್ರಾಟಾಕ್ಸಿನ್ ಎ ಪ್ರಮಾಣ ಕಿಲೋಗೆ 5 ಮೈಕ್ರೋಗ್ರಾಂ ಮೀರಬಾರದೆಂದು ಮೊದಲಿದ್ದ ಮಿತಿಯನ್ನು ಯುರೋಪ್ 2023ರ ಜನವರಿಯಿಂದ 3ಕ್ಕೆ ಇಳಿಸಿದೆ. ಇನ್‌ಸ್ಟಂಟ್ ಕಾಫಿಯ ಮಿತಿ 10ರಿಂದ 5ಕ್ಕೆ ಇಳಿದಿದೆ. ಹುರಿಯದ ಹಸಿರು ಬೀಜಕ್ಕೆ ಕಾನೂನಿನಲ್ಲಿ ಮಿತಿಯಿಲ್ಲ. ಹಾಗೆಂದು ನಮ್ಮ ಬೆಳೆಗಾರರು ನಿಶ್ಚಿಂತರಾಗುವಂತಿಲ್ಲ, ಏಕೆಂದರೆ ಹುರಿಯುವ ಕಂಪನಿ ತಾನು ಪಾಲಿಸಬೇಕಾದ ಮಿತಿಯನ್ನು ಖರೀದಿಯ ಕರಾರಿನಲ್ಲಿ ಹಸಿರು ಬೀಜದ ಮೇಲೆಯೇ ಹೇರಬಹುದು.

ಈ ವಿಷಯದಲ್ಲಿ ಅಂತರರಾಷ್ಟ್ರೀಯ ಸಹಕಾರದಿಂದ ನಮಗೆ ನಿಜವಾದ ಪ್ರಯೋಜನವಾಗಿದೆ ಎಂದು ನಾನು ಒತ್ತಿ ಹೇಳಬಯಸುತ್ತೇನೆ. ಕಾಫಿಯಲ್ಲಿ ಬೂಷ್ಟು ತಡೆಯುವ ಬಗೆಯನ್ನು ಅಧ್ಯಯನ ಮಾಡಲು ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಆಶ್ರಯದಲ್ಲಿ 2000ದ ದಶಕದ ಮೊದಲ ವರ್ಷಗಳಲ್ಲಿ ಒಂದು ಯೋಜನೆ ನಡೆಯಿತು; ಬ್ರೆಜಿಲ್, ಕೊಲಂಬಿಯಾ, ಉಗಾಂಡಾ ಮುಂತಾದ ದೇಶಗಳ ಜೊತೆ ಭಾರತವೂ ಅದರಲ್ಲಿ ಪಾಲ್ಗೊಂಡಿತು. ಕೋಡೆಕ್ಸ್ ಆಯೋಗ 2009ರಲ್ಲಿ ಕಾಫಿಯ ಓಕ್ರಾಟಾಕ್ಸಿನ್ ತಡೆಗೆಂದೇ ಒಂದು ಕಾರ್ಯಸಂಹಿತೆಯನ್ನು ಅಂಗೀಕರಿಸಿತು. ಅದರ ಸಲಹೆಗಳನ್ನು ಪಾಲಿಸಲು ದುಬಾರಿ ಯಂತ್ರಗಳೇನೂ ಬೇಕಿಲ್ಲ. ಕೊಯ್ದ ಹಣ್ಣನ್ನು ಚೀಲದಲ್ಲೇ ಬಿಸಿಯೇರಲು ಬಿಡದೆ ಅದೇ ದಿನ ಹರವುವುದು, ಪದರವನ್ನು ತೆಳುವಾಗಿಟ್ಟು ಮತ್ತೆ ಮತ್ತೆ ಮಗುಚುವುದು, ಒಣಗುತ್ತಿರುವ ರಾಶಿ ಮತ್ತೆ ನೆನೆಯದಂತೆ ಸಂಜೆಗೆ ಮುಚ್ಚುವುದು, ನೆಲಕ್ಕೆ ಬಿದ್ದು ಕೊಳೆತ ಕಾಯನ್ನು ಒಳ್ಳೆಯ ರಾಶಿಗೆ ಬೆರೆಸದಿರುವುದು, ಸಾಗಣೆಯಲ್ಲಿ ಬೀಜದ ತೇವ ಶೇಕಡಾ 12.5 ದಾಟದಂತೆ ನೋಡಿಕೊಳ್ಳುವುದು. ಬೂಷ್ಟು ವಿಷವನ್ನು ಉಂಟುಮಾಡುವುದು ಬೀಜ ಅರೆ ಒಣಗಿದ ಹಂತದಲ್ಲಿ. ಆ ಹಂತವನ್ನು ಬೇಗ ದಾಟಿಸಿದಷ್ಟೂ ಅಪಾಯ ಕಡಿಮೆ. ಚೆರಿಯನ್ನು ಸಿಪ್ಪೆಸಹಿತ ಒಣಗಿಸುವಾಗ ಈ ಹಂತ ದೀರ್ಘವಾಗುತ್ತದೆ, ವಿಷದ ದೊಡ್ಡ ಪಾಲು ಸಿಪ್ಪೆಯಲ್ಲೇ ಇರುತ್ತದೆ. ಮಣ್ಣಿನ ಕಣದಲ್ಲಿ ರೋಬಸ್ಟಾ ಚೆರಿ ಒಣಗಿಸುವವರು ಯುರೋಪನ್ನು ಆರಿಸಿಕೊಳ್ಳುವುದಾದರೆ ಮೊದಲ ಖರ್ಚನ್ನು ಸಿಮೆಂಟ್ ಕಣಕ್ಕೂ ಒಳ್ಳೆಯ ಟಾರ್ಪಾಲಿನ್‌ಗೂ ಮಾಡಬೇಕು. ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೊಳ್ಳುವ ವಿಚಾರ ಆಮೇಲೆ.

ಎರಡನೆಯ ಪ್ರಶ್ನೆ ಔಷಧದ ಉಳಿಕೆ. ಪ್ರತ್ಯೇಕ ಮಿತಿ ಗೊತ್ತುಮಾಡದ ಯಾವುದೇ ಕೀಟನಾಶಕಕ್ಕೆ ಯುರೋಪ್ ಕಿಲೋಗೆ 0.01 ಮಿಲಿಗ್ರಾಂ ಎಂಬ ಸಾಮಾನ್ಯ ಮಿತಿಯನ್ನು ಅನ್ವಯಿಸುತ್ತದೆ. ಅಂದರೆ ಒಂದು ಟನ್ ಕಾಫಿಯಲ್ಲಿ 10 ಮಿಲಿಗ್ರಾಂ. ಬಿಳಿ ಕಾಂಡಕೊರಕದ ವಿರುದ್ಧ ನಮ್ಮ ಅರೇಬಿಕಾ ತೋಟಗಳಲ್ಲಿ ವರ್ಷಗಟ್ಟಲೆ ಬಳಸಿದ ಕ್ಲೋರ್‌ಪೈರಿಫಾಸ್‌ಗೆ ಯುರೋಪ್ 2020ರಲ್ಲಿ ಅನುಮತಿ ನವೀಕರಿಸಲಿಲ್ಲ. ಅದೇ ವರ್ಷದ ನವೆಂಬರ್‌ನಿಂದ ಅದರ ಮಿತಿಯೂ 0.01ಕ್ಕೆ ಇಳಿಯಿತು. ಈ ಕೀಟ ಹಾರಾಡುವುದು ಏಪ್ರಿಲ್–ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ. ಎರಡನೆಯ ಸುತ್ತು ಅರೇಬಿಕಾ ಕೊಯ್ಲಿಗೆ ತೀರ ಹತ್ತಿರ. ಯುರೋಪಿಗೆ ಕೊಡುವ ತೋಟದಲ್ಲಿ ಆ ಸುತ್ತಿನಲ್ಲಿ ಔಷಧವನ್ನು ಕೈಬಿಟ್ಟು, ಕೊರಕ ಹಿಡಿದ ಗಿಡಗಳನ್ನು ಗುರುತಿಸಿ ಕಿತ್ತು ಸುಡುವುದು, ಕಾಂಡದ ಸಡಿಲ ತೊಗಟೆ ಉಜ್ಜಿ ತೆಗೆಯುವುದು, ನೆರಳನ್ನು ಸರಿಯಾಗಿ ಕಾಯ್ದುಕೊಳ್ಳುವುದು, ಇಷ್ಟರಲ್ಲೇ ನಿಭಾಯಿಸಬೇಕಾಗುತ್ತದೆ. ಆಳಿನ ಅಭಾವದ ಈ ಕಾಲದಲ್ಲಿ ಇದು ಸುಲಭವಲ್ಲ ಎಂಬುದನ್ನು ಬಲ್ಲೆ. ಆದರೂ ಯಾವ ಔಷಧ ಸಲ್ಲುತ್ತದೆ ಎಂದು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ಕೇಳಿ ತಿಳಿಯದೆ ಅಂಗಡಿಯವರ ಮಾತಿನ ಮೇಲೆ ಸಿಂಪಡಿಸುವುದು ಈ ಮಾರುಕಟ್ಟೆಗೆ ಹೊಂದುವುದಿಲ್ಲ.

ಮೆಣಸಿನ ವಿಷಯದಲ್ಲಿ ಯುರೋಪ್ ಇನ್ನೂ ಕಠಿಣ. ಮಸಾಲೆಗಳನ್ನು ಕ್ರಿಮಿಮುಕ್ತಗೊಳಿಸಲು ಎಥಿಲೀನ್ ಆಕ್ಸೈಡ್ ಅನಿಲ ಬಳಸುವುದಕ್ಕೆ ಅಲ್ಲಿ ಅವಕಾಶವಿಲ್ಲ. ಮಸಾಲೆಗಳಲ್ಲಿ ಅದರ ಉಳಿಕೆ ಕಿಲೋಗೆ 0.1 ಮಿಲಿಗ್ರಾಂ ದಾಟುವಂತಿಲ್ಲ. 2020ರಲ್ಲಿ ಭಾರತದ ಎಳ್ಳಿನಲ್ಲಿ ಈ ಅನಿಲದ ಉಳಿಕೆ ಪತ್ತೆಯಾದಾಗ ಯುರೋಪಿನಾದ್ಯಂತ ಅಂಗಡಿಗಳಿಂದ ಸರಕು ಹಿಂತೆಗೆಯಲ್ಪಟ್ಟು, ನಮ್ಮ ಎಳ್ಳಿನ ಮೇಲೆ ಹೆಚ್ಚುವರಿ ತಪಾಸಣೆ ಜಾರಿಯಾಯಿತು. ಸಾಲ್ಮೊನೆಲ್ಲಾ ಕಾರಣಕ್ಕೆ ಬ್ರೆಜಿಲ್‌ನ ಕಾಳುಮೆಣಸು ಹೆಚ್ಚುವರಿ ತಪಾಸಣೆಯ ಅಂಥದೇ ಪಟ್ಟಿಗೆ ಸೇರಿದೆ. ಅಂಥ ಪಟ್ಟಿಗೆ ಸೇರುವುದು ಒಂದು ದೇಶದ ಒಂದು ಪದಾರ್ಥ. ತಪ್ಪು ಮಾಡದವರ ಸರಕೂ ಅದರಡಿ ಬರುತ್ತದೆ.

ಜಪಾನ್

2006ರ ಮೇ 29ರಂದು ಜಪಾನ್ ಜಾರಿಗೆ ತಂದ ವ್ಯವಸ್ಥೆಯಲ್ಲೂ ಮಿತಿ ಗೊತ್ತುಮಾಡದ ಔಷಧಗಳಿಗೆ ಹತ್ತು ಲಕ್ಷದಲ್ಲಿ 0.01 ಭಾಗ (ಅಂದರೆ ಕಿಲೋಗೆ 0.01 ಮಿಲಿಗ್ರಾಂ) ಎಂಬ ಏಕರೂಪದ ಮಿತಿಯಿದೆ. ಅಂಕಿ ಯುರೋಪಿನದೇ ಆದರೂ, ಔಷಧವಾರು ಗೊತ್ತುಮಾಡಿದ ಮಿತಿಗಳು ಎರಡೂ ಕಡೆ ಒಂದೇ ಆಗಿರುವುದಿಲ್ಲವಾದ್ದರಿಂದ, ಒಂದು ಕಡೆ ಸಂದದ್ದು ಇನ್ನೊಂದು ಕಡೆ ಸಲ್ಲುತ್ತದೆಂದು ಹೇಳಲಾಗದು. ಒಂದು ದೇಶದ ಸರಕಿನಲ್ಲಿ ಉಲ್ಲಂಘನೆ ಕಂಡರೆ ಆ ದೇಶದ ಅದೇ ಪದಾರ್ಥದ ತಪಾಸಣೆಯ ಪ್ರಮಾಣ ಏರುತ್ತದೆ. ಮರುಕಳಿಸಿದರೆ ಬರುವ ಪ್ರತಿ ಸರಕನ್ನೂ ಆಮದುದಾರರ ಖರ್ಚಿನಲ್ಲಿ ಪರೀಕ್ಷಿಸಬೇಕೆಂಬ ಆದೇಶ ಹೊರಡಬಹುದು.

2008ರಲ್ಲಿ ಇಥಿಯೋಪಿಯಾದ ಕಾಫಿಗೆ ಆದದ್ದನ್ನು ಕೊಡಗಿನ ಪ್ರತಿಯೊಬ್ಬ ಬೆಳೆಗಾರರೂ ತಿಳಿದಿರಬೇಕು. ಸಾಮಾನ್ಯವಾಗಿ ಔಷಧವನ್ನೇ ಸಿಂಪಡಿಸದ ಸಣ್ಣ ಹಿಡುವಳಿಗಳಿಂದ ಬಂದ ಆ ಕಾಫಿಯಲ್ಲಿ ಜಪಾನಿನ ಅಧಿಕಾರಿಗಳು ಕೀಟನಾಶಕದ ಉಳಿಕೆಯನ್ನು ಕಂಡರು. ಅಲ್ಲಿಗೆ ಹೋಗುತ್ತಿದ್ದ ರಫ್ತು ಕುಸಿಯಿತು. ಉಳಿಕೆ ಬಂದದ್ದು ಗೋಣಿಚೀಲಗಳಿಂದ ಇರಬಹುದೆಂಬ ಶಂಕೆ ಆಮೇಲೆ ಮೂಡಿತು. ಚೀಲದ ವಿಷಯದಲ್ಲಿ ನಮ್ಮಲ್ಲಿರುವ ಉದಾಸೀನವನ್ನು ನೋಡಿದಾಗ ನನಗೆ ಕಳವಳವಾಗುತ್ತದೆ. ಗೊಬ್ಬರ, ಸುಣ್ಣ, ಪಶು ಆಹಾರ ಬಂದ ಚೀಲವನ್ನು ಕೊಡವಿ ಅದರಲ್ಲೇ ಕಾಫಿ ತುಂಬಿದರೆ, ವರ್ಷವಿಡೀ ತೋಟದಲ್ಲಿ ಪಟ್ಟ ಎಚ್ಚರಿಕೆ ಗೋದಾಮಿನಲ್ಲಿ ವ್ಯರ್ಥವಾಗುತ್ತದೆ. ಸಾಮಾನ್ಯ ಸೆಣಬಿನ ನೂಲಿಗೆ ಬಳಿಯುವ ಖನಿಜ ತೈಲವೂ ಬೀಜಕ್ಕೆ ಹತ್ತುತ್ತದೆ. ಅದಕ್ಕೆಂದೇ ಸಸ್ಯಜನ್ಯ ತೈಲ ಬಳಸಿ ನೇಯ್ದ, ಆಹಾರಕ್ಕೆ ಯೋಗ್ಯವಾದ ಗೋಣಿಗಳು ಬಳಕೆಗೆ ಬಂದಿವೆ. ಜಪಾನಿನ ಖರೀದಿದಾರರನ್ನು ನೆಚ್ಚುವವರಿಗೆ ಇದು ಬಿಡಲಾಗದ ಖರ್ಚು. ಸಣ್ಣ ಪ್ರಮಾಣದ, ಪ್ರತಿ ರಾಶಿಯ ಮೂಲವನ್ನೂ ಬರೆದಿಟ್ಟ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಇರುವವರಿಗೆ ಈ ಮಾರುಕಟ್ಟೆ ಹೊಂದುತ್ತದೆ. ಹಲವು ತೋಟಗಳ ಚೆರಿಯನ್ನು ಬೆರೆಸಿ ಮಾರುವವರಿಗೆ ಹೊಂದುವುದಿಲ್ಲ.

ಅಮೆರಿಕ

ಅಮೆರಿಕದಲ್ಲಿ ಕಾಫಿಯ ಓಕ್ರಾಟಾಕ್ಸಿನ್‌ಗೆ ಸರ್ಕಾರದ ಮಿತಿಯಿಲ್ಲ. ಔಷಧದ ಉಳಿಕೆಗೆ ಯುರೋಪಿನಂಥ ಸಾಮಾನ್ಯ ಮಿತಿಯೂ ಇಲ್ಲ. ಅನುಮತಿಯ ಮಿತಿ ಗೊತ್ತುಮಾಡದ ಔಷಧ ಎಷ್ಟೇ ಅಲ್ಪವಾಗಿ ಕಂಡರೂ ಅದು ಉಲ್ಲಂಘನೆ. 2011ರ ಆಹಾರ ಸುರಕ್ಷತಾ ಕಾಯ್ದೆಯ ನಂತರ ವಿದೇಶಿ ಪೂರೈಕೆದಾರರ ಕ್ರಮಗಳನ್ನು ಪರಿಶೀಲಿಸುವ ಹೊಣೆ ಆಮದುದಾರರ ಮೇಲಿದೆ. ಆದ್ದರಿಂದ ಅವರು ಪರೀಕ್ಷೆಯ ವರದಿಯ ಜೊತೆಗೆ ನಿಮ್ಮ ದಾಖಲೆಗಳನ್ನೂ ಕೇಳುತ್ತಾರೆ: ಯಾವ ದಿನ ಏನು ಸಿಂಪಡಿಸಿದಿರಿ, ಕಣವನ್ನು ಯಾವಾಗ ತೊಳೆದಿರಿ, ನೀರು ಎಲ್ಲಿಯದು. ಲೆಕ್ಕ ಬರೆಯುವ ರೈಟರ್ ಇರುವ ಎಸ್ಟೇಟುಗಳಿಗೆ ಇದು ಕಷ್ಟವಲ್ಲ. ಮನೆಯವರೇ ದುಡಿಯುವ ನಾಲ್ಕೈದು ಎಕರೆಯ ತೋಟದಲ್ಲಿ ಲೆಕ್ಕಪುಸ್ತಕ ಬರೆಯುವ ಅಭ್ಯಾಸವನ್ನು ಹೊಸದಾಗಿ ಬೆಳೆಸಿಕೊಳ್ಳಬೇಕು.

ಅಮೆರಿಕದ ನಿಜವಾದ ಕಷ್ಟ ಮೆಣಸಿನದು. ಅಲ್ಲಿಯ ಆಹಾರ ಮತ್ತು ಔಷಧ ಆಡಳಿತ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆಮದು ಮಸಾಲೆಗಳ ಸರಕುಗಳಲ್ಲಿ ಸುಮಾರು ಶೇಕಡಾ 7ರಲ್ಲಿ ಸಾಲ್ಮೊನೆಲ್ಲಾ ಇತ್ತು; ಆಮದಾಗುವ ಇತರ ಆಹಾರಗಳ ಹೋಲಿಕೆಯಲ್ಲಿ ಇದು ಸರಿಸುಮಾರು ಎರಡು ಪಟ್ಟು. ಉಲ್ಲಂಘಿಸಿದ ಸಂಸ್ಥೆಯ ಹೆಸರು ಎಚ್ಚರಿಕೆಯ ಪಟ್ಟಿಗೆ ಸೇರಿದರೆ ಅದರ ಮುಂದಿನ ಸರಕುಗಳು ಬಂದರಿನಲ್ಲೇ ತಡೆಹಿಡಿಯಲ್ಪಡುತ್ತವೆ, ಮತ್ತು ಪಟ್ಟಿಯಿಂದ ಹೊರಬರಲು ಸಾಮಾನ್ಯವಾಗಿ ಸತತ ಐದು ಸರಕುಗಳು ಶುದ್ಧವೆಂದು ತೋರಿಸಬೇಕಾಗುತ್ತದೆ. ಇದರಲ್ಲಿ ಒಂದು ನ್ಯಾಯವೂ ಇದೆ: ಇಲ್ಲಿ ದಂಡ ಹೆಚ್ಚಾಗಿ ಬೀಳುವುದು ತಪ್ಪಿದ ಸಂಸ್ಥೆಯ ಮೇಲೆ, ಇಡೀ ದೇಶದ ಮೇಲಲ್ಲ. ಎಚ್ಚರಿಕೆಯಿಂದ ಕೆಲಸ ಮಾಡುವ ಒಂದು ಬೆಳೆಗಾರರ ಗುಂಪಿಗೆ ಯುರೋಪಿಗಿಂತ ಅಮೆರಿಕ ಈ ಒಂದು ಕಾರಣಕ್ಕೆ ಹೆಚ್ಚು ಭರವಸೆಯದು.

ಅಲ್ಲಿ ಮಸಾಲೆಗಳಿಗೆ ಎಥಿಲೀನ್ ಆಕ್ಸೈಡ್ ಬಳಕೆಗೆ ಮಿತಿಗೊಳಪಟ್ಟು ಅನುಮತಿಯಿದೆ. ಹತ್ತು ಲಕ್ಷದಲ್ಲಿ 7 ಭಾಗದವರೆಗೆ ಉಳಿಕೆ ಇರಬಹುದು. ಯುರೋಪಿನ 0.1ರ ಪಕ್ಕದಲ್ಲಿ ಈ 7ನ್ನು ಇಟ್ಟು ನೋಡಿದರೆ ಎರಡು ಮಾರುಕಟ್ಟೆಗಳ ಅಂತರ ತಿಳಿಯುತ್ತದೆ. ಅಮೆರಿಕಕ್ಕೆಂದು ಅನಿಲದಿಂದ ಶುದ್ಧಗೊಳಿಸಿದ ಮೆಣಸನ್ನು ಖರೀದಿ ತಪ್ಪಿತೆಂದು ಯುರೋಪಿನ ಕಡೆ ತಿರುಗಿಸುವಂತೆಯೇ ಇಲ್ಲ. ಉಗಿಯಿಂದ ಶುದ್ಧಗೊಳಿಸಿದ ಮೆಣಸಿಗೆ ಈ ತೊಡಕಿಲ್ಲ, ಆದರೆ ಅದಕ್ಕೆ ಬೇಕಾದ ಘಟಕ ಸಾಮಾನ್ಯ ತೋಟಗಾರರ ಕೈಗೆ ನಿಲುಕುವಂಥದ್ದಲ್ಲ. ತೋಟದ ಮಟ್ಟದಲ್ಲಿ ಮಾಡಬಹುದಾದದ್ದು, ಬಿಡಿಸಿದ ಹಸಿ ಮೆಣಸನ್ನು ಸುಮಾರು ಒಂದು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ ತೆಗೆದು, ಶುಚಿಯಾದ ಕಣದಲ್ಲಿ ಅಥವಾ ಎತ್ತರದ ಚೌಕಟ್ಟಿನ ಮೇಲೆ ಒಣಗಿಸುವುದು. ಬಣ್ಣ ಚೆನ್ನಾಗಿ ಕಪ್ಪಾಗುತ್ತದೆ, ಬೇಗ ಒಣಗುತ್ತದೆ, ಮೇಲಿನ ಸೂಕ್ಷ್ಮಾಣುಗಳೂ ಕಡಿಮೆಯಾಗುತ್ತವೆ. ಅದಾದ ಮೇಲೆ ಕಣಕ್ಕೆ ಕೋಳಿ, ನಾಯಿ ಬರಲು ಬಿಟ್ಟರೆ ಮಾಡಿದ ಕೆಲಸ ಹಾಳು. ಕಣದ ಸುತ್ತ ಬಲೆ ಕಟ್ಟುವುದು ಈ ಇಡೀ ಮಾರ್ಗದರ್ಶಿಯಲ್ಲಿ ಅತ್ಯಂತ ಅಗ್ಗದ, ಅತ್ಯಂತ ಹೆಚ್ಚು ಫಲ ಕೊಡುವ ಸಲಹೆ ಎಂದು ನಾನು ನಂಬಿದ್ದೇನೆ.

ಕೊಲ್ಲಿ ರಾಷ್ಟ್ರಗಳು

ಹತ್ತಿರದ ಮಾರುಕಟ್ಟೆ, ಪರಿಚಿತ ವ್ಯಾಪಾರಿಗಳು. ಏಲಕ್ಕಿ ಬೆಳೆಯುವವರಿಗೆ ಇದು ಮುಖ್ಯ ದಿಕ್ಕು. ಇಲ್ಲಿ ನಿಯಮಗಳು ಸಡಿಲವೆಂಬ ಹಳೆಯ ನಂಬಿಕೆಯನ್ನು ಬಿಡುವುದು ಲೇಸು. ಕೀಟನಾಶಕದ ಉಳಿಕೆಯ ಕಾರಣಕ್ಕೆ ಸೌದಿ ಅರೇಬಿಯಾ ಭಾರತದ ಏಲಕ್ಕಿಯನ್ನು ತಿರಸ್ಕರಿಸಿದ ಉದಾಹರಣೆಯಿದೆ. 2018ರ ಮೇ ತಿಂಗಳಲ್ಲಿ ಕೇರಳದಲ್ಲಿ ನಿಪಾ ಕಾಣಿಸಿಕೊಂಡಾಗ ಸಂಯುಕ್ತ ಅರಬ್ ಎಮಿರೇಟ್ಸ್ ಕೇರಳದ ಹಣ್ಣು ತರಕಾರಿಗಳನ್ನು ಮಾತ್ರ ನಿಷೇಧಿಸಿತು. ಸೋಂಕು ಇರುವ ಪ್ರದೇಶಕ್ಕೆ ಮಾತ್ರ ತಡೆ ಹಾಕಿ ಉಳಿದ ಪ್ರದೇಶದ ವ್ಯಾಪಾರವನ್ನು ಬಿಡಬೇಕೆಂಬುದು ಎಸ್‌ಪಿಎಸ್ ಒಪ್ಪಂದದ ಆರನೆಯ ವಿಧಿಯ ಆಶಯ. ಮಾಕುಟ್ಟ, ಕುಟ್ಟದ ಗಡಿ ದಾಟಿದರೆ ಕೇರಳ. ಆದ್ದರಿಂದ ನಮ್ಮ ಸರಕು ಕರ್ನಾಟಕದ್ದೆಂದು ಸಾಬೀತುಪಡಿಸುವ ದಾಖಲೆ ಅಂಥ ಹೊತ್ತಿನಲ್ಲಿ ಬಹಳ ಬೆಲೆಯುಳ್ಳದ್ದಾಗುತ್ತದೆ.

ಊರಿನ ವ್ಯಾಪಾರಿ, ಅಥವಾ ಸ್ವಂತ ಪುಡಿ

ಚೆರಿಯನ್ನು ಊರಿನ ವ್ಯಾಪಾರಿಗೋ, ಬೀಜ ಬಿಡಿಸಿ ಶುದ್ಧಗೊಳಿಸುವ ಕ್ಯೂರಿಂಗ್ ವರ್ಕ್ಸ್‌ಗೋ ಕೊಟ್ಟು ಕೈತೊಳೆದುಕೊಳ್ಳುವ ದಾರಿಯನ್ನು ಹೆಚ್ಚಿನವರು ಹಿಡಿಯುತ್ತಾರೆ. ಪರೀಕ್ಷೆಯ ಖರ್ಚಿಲ್ಲ, ಹಣ ಬೇಗ ಬರುತ್ತದೆ, ಸರಕು ತಿರಸ್ಕೃತವಾದರೆ ನಷ್ಟ ರಫ್ತುದಾರರದು. ಆದರೆ ನಿಮ್ಮ ರಾಶಿ ಇತರರ ರಾಶಿಯೊಂದಿಗೆ ಬೆರೆತುಹೋಗುವುದರಿಂದ, ಎಚ್ಚರಿಕೆಯಿಂದ ಒಣಗಿಸಿದವರಿಗೂ ಅಜಾಗರೂಕರಿಗೂ ಒಂದೇ ದರ ಸಿಗುತ್ತದೆ. ಮನೆಯಲ್ಲಿ ಆಳುಕಾಳಿನ ಕೊರತೆಯಿರುವವರು, ವಯಸ್ಸಾದವರು ಈ ದಾರಿಯನ್ನು ಆರಿಸಿದರೆ ಅದನ್ನು ಕೀಳಾಗಿ ಕಾಣಬಾರದು.

ಸ್ವಂತವಾಗಿ ಹುರಿದು ಪುಡಿ ಮಾಡಿ ಮಡಿಕೇರಿಗೆ ಬರುವ ಪ್ರವಾಸಿಗರಿಗೆ ಮಾರುವವರು ಈಗ ಹೆಚ್ಚುತ್ತಿದ್ದಾರೆ. 2006ರ ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಕಾಯ್ದೆ ತೋಟದ ಹಂತದ ರೈತರಿಗೆ ಅನ್ವಯಿಸದಿದ್ದರೂ, ಹುರಿದು ಪೊಟ್ಟಣ ಕಟ್ಟಿದ ಕ್ಷಣದಿಂದ ನೀವು ಆಹಾರ ಉದ್ಯಮಿ. ನೋಂದಣಿ ಅಥವಾ ಪರವಾನಗಿ ಕಡ್ಡಾಯ. ಚಿಕೋರಿ ಬೆರೆಸುವುದಾದರೆ ಕಾಫಿಯ ಪಾಲು ತೂಕದಲ್ಲಿ ಶೇಕಡಾ 51ಕ್ಕಿಂತ ಕಡಿಮೆಯಾಗಕೂಡದು, ಮತ್ತು ಪ್ರಮಾಣವನ್ನು ಪೊಟ್ಟಣದ ಮೇಲೆ ಬರೆಯಬೇಕು. ಕೊಡಗಿನ ಅರೇಬಿಕಾಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಆದರೆ ಅದು ಮೂಲದ ಹೆಸರನ್ನು ಕಾಯುವ ವ್ಯವಸ್ಥೆ. ಸುರಕ್ಷತೆಯ ಪರೀಕ್ಷೆಯಿಂದ ವಿನಾಯಿತಿ ಕೊಡುವುದಿಲ್ಲ.

ಯಾವ ಕಾಗದ ಯಾವುದಕ್ಕೆ

ಈ ಹೋಲಿಕೆಯಲ್ಲಿ ಬೆಳೆಗಾರರು ಹೆಚ್ಚು ಗೊಂದಲಕ್ಕೆ ಬೀಳುವುದು ಪ್ರಮಾಣಪತ್ರಗಳ ಬಗ್ಗೆ. ಸಸ್ಯ ಆರೋಗ್ಯ ಪ್ರಮಾಣಪತ್ರವನ್ನು ಕೇಂದ್ರ ಸರ್ಕಾರದ ಸಸ್ಯ ಸಂಗರೋಧ (ಕ್ವಾರಂಟೈನ್) ವ್ಯವಸ್ಥೆ ಕೊಡುತ್ತದೆ. ಸರಕಿನ ಜೊತೆ ಕೀಟ, ರೋಗ ಸಾಗಿಹೋಗುತ್ತಿಲ್ಲ ಎಂದಷ್ಟೇ ಅದರ ಅರ್ಥ, ಔಷಧದ ಉಳಿಕೆಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಹಸಿರು ಬೀಜದಲ್ಲಿ ಕಾಯಿಕೊರಕ ಬದುಕಿ ಸಾಗಬಲ್ಲದು, ಹುರಿದ ಬೀಜದಲ್ಲಿ ಆ ಅಪಾಯವಿಲ್ಲ. ಈ ಎಚ್ಚರಿಕೆಯ ಬೆಲೆ ಕೊಡಗಿಗೆ ಚೆನ್ನಾಗಿ ಗೊತ್ತು: 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಭಾರತದಲ್ಲೇ ಮೊದಲ ಬಾರಿಗೆ ಕಂಡ ಕಾಯಿಕೊರಕ ಅನಂತರ ನಮ್ಮ ತೋಟಗಳಿಗೂ ಬಂದು ನೆಲೆಸಿತು. ಆಫ್ರಿಕಾದಲ್ಲಿರುವ ಕಾಫಿ ಕಾಯಿರೋಗ ಇನ್ನೂ ಇಲ್ಲಿಗೆ ಬರದಿರುವುದಕ್ಕೆ ಸಂಗರೋಧದ ಬಿಗಿಯೂ ಕಾರಣ. ವಿದೇಶ ಪ್ರವಾಸದಿಂದ ಬರುವಾಗ ಹೊಸ ತಳಿಯ ಬೀಜವನ್ನು ಜೇಬಿನಲ್ಲಿ ತರುವವರು ಇಡೀ ಜಿಲ್ಲೆಯನ್ನು ಅಪಾಯಕ್ಕೆ ಒಡ್ಡುತ್ತಾರೆ.

ರೇನ್‌ಫಾರೆಸ್ಟ್ ಅಲಯನ್ಸ್‌ನಂಥ ಪ್ರಮಾಣಪತ್ರಗಳು ಖಾಸಗಿಯವು. ಗ್ರಾಹಕರು ಕೇಳಿದರೆ ಅವುಗಳಿಂದ ಲಾಭವಿದೆ, ಆದರೆ ಬಂದರಿನ ಅಧಿಕಾರಿಗೆ ಅವು ಪರೀಕ್ಷೆಯ ವರದಿಯ ಬದಲಿಯಾಗುವುದಿಲ್ಲ. ಇಂಥ ಖಾಸಗಿ ಷರತ್ತುಗಳು ಸಣ್ಣ ಬೆಳೆಗಾರರಿಗೆ ಭಾರವಾಗುತ್ತಿವೆ ಎಂಬ ದೂರು ವಿಶ್ವ ವ್ಯಾಪಾರ ಸಂಸ್ಥೆಯ ಎಸ್‌ಪಿಎಸ್ ಸಮಿತಿಯ ಮುಂದೆ 2005ರಲ್ಲೇ ಬಂದಿತ್ತು. ಅರಣ್ಯನಾಶಕ್ಕೆ ಸಂಬಂಧಿಸಿದ ಯುರೋಪಿನ ನಿಯಮವೂ ಬೇರೆಯದೇ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಮೀನಿನ ಕಾಫಿಯನ್ನು ಅದು ಒಪ್ಪುವುದಿಲ್ಲ. ಅದರ ಜಾರಿಯ ದಿನ ಮುಂದೂಡುತ್ತಾ ಬಂದಿದೆಯಾದರೂ, ತೋಟದ ಗಡಿಯ ಗುರುತುಗಳನ್ನು ಮೊಬೈಲ್‌ನಲ್ಲಿ ದಾಖಲಿಸಿಟ್ಟುಕೊಳ್ಳಲು ಕಾಯಬೇಕಾಗಿಲ್ಲ.

ಜೇನು, ಹಂದಿ

1991–92ರಲ್ಲಿ ದಕ್ಷಿಣ ಭಾರತಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ತುಡುವೆ ಜೇನಿನ ಗೂಡುಗಳನ್ನು ನಾಶಮಾಡಿ ಕೊಡಗಿನ ಜೇನು ಸಾಕಣೆಯ ಬೆನ್ನು ಮುರಿಯಿತು. ಈಗ ಉಳಿದಿರುವ ಉತ್ಪಾದನೆಯನ್ನು ರಫ್ತಿಗೆ ಹೊಂದಿಸುವುದು ನನ್ನ ದೃಷ್ಟಿಯಲ್ಲಿ ಬೇಡ. ಯುರೋಪ್ ಪ್ರತಿಜೀವಕಗಳ ಉಳಿಕೆಯ ವಿಷಯದಲ್ಲಿ ಅತ್ಯಂತ ಕಟ್ಟುನಿಟ್ಟು. 2010ರಲ್ಲಿ ಭಾರತದ ಜೇನನ್ನೇ ಕೆಲಕಾಲ ತಡೆದಿತ್ತು. ಅಮೆರಿಕಕ್ಕೆ ಹೋಗುವ ಜೇನಿಗೆ 2020ರ ಆಗಸ್ಟ್‌ನಿಂದ ಕಲಬೆರಕೆ ಪತ್ತೆಹಚ್ಚುವ ಎನ್‌ಎಂಆರ್ ಪರೀಕ್ಷೆ ಕಡ್ಡಾಯ. ಇಷ್ಟು ಖರ್ಚನ್ನು ನಮ್ಮ ಪ್ರಮಾಣ ತಾಳುವುದಿಲ್ಲ, ಊರಿನಲ್ಲೇ ಬೇಡಿಕೆ ಇರುವಾಗ ತಾಳಬೇಕಾಗಿಯೂ ಇಲ್ಲ.

ಹಂದಿ ಸಾಕಣೆಯ ಪ್ರಶ್ನೆ ರಫ್ತಿನದಲ್ಲ, ರೋಗ ತಡೆಯದು. ಆಫ್ರಿಕನ್ ಹಂದಿ ಜ್ವರ 2020ರಲ್ಲಿ ಈಶಾನ್ಯ ಭಾರತಕ್ಕೆ, 2022ರಲ್ಲಿ ಪಕ್ಕದ ವಯನಾಡಿಗೆ ಬಂತು. ಅದು ಮನುಷ್ಯರಿಗೆ ತಗುಲುವುದಿಲ್ಲ, ಆದರೆ ಹಂದಿಗಳಲ್ಲಿ ಸಾವಿನ ಪ್ರಮಾಣ ವಿಪರೀತ. ಹೋಟೆಲಿನ ಎಂಜಲನ್ನು ಕುದಿಸದೆ ಹಾಕುವುದು, ಮೂಲ ತಿಳಿಯದ ಮರಿಗಳನ್ನು ಅಗ್ಗಕ್ಕೆ ತರುವುದು, ಇವೆರಡನ್ನು ನಿಲ್ಲಿಸುವುದು ತುರ್ತು. ರೋಗ ಕಂಡಾಗ ಬೇಗ ತಿಳಿಸಿದರೆ ಮಾತ್ರ ನಿರ್ಬಂಧ ಸಣ್ಣ ವಲಯದಲ್ಲಿ ಉಳಿಯುತ್ತದೆ. ಕೋಳಿಜ್ವರದ ಕಾರಣಕ್ಕೆ ಅಮೆರಿಕದ ಕೋಳಿ ಉತ್ಪನ್ನಗಳನ್ನು ದೇಶಕ್ಕೆ ದೇಶವೇ ಎಂದು ತಡೆದಿದ್ದ ಭಾರತದ ಕ್ರಮಕ್ಕೆ 2015ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿಯಲ್ಲಿ ಸೋಲಾದದ್ದೂ ಈ ವಲಯ ತತ್ವದ ಮೇಲೆಯೇ.

ಯಾರಿಗೆ ಯಾವುದು

ಸಿಮೆಂಟ್ ಕಣವಿದ್ದು, ವರ್ಷದ ಔಷಧಗಳನ್ನು ಮೊದಲೇ ತೀರ್ಮಾನಿಸಿ ಬರೆದಿಡಬಲ್ಲವರು ಕಾಫಿಗೆ ಯುರೋಪನ್ನು ಗುರಿಯಾಗಿಟ್ಟುಕೊಳ್ಳಲಿ. ಆ ಮಿತಿಯೊಳಗೆ ಬಂದ ಕಾಫಿಗೆ ಬೇರೆ ಬಾಗಿಲುಗಳೂ ಬಹುಮಟ್ಟಿಗೆ ತೆರೆದಿರುತ್ತವೆ, ಆದರೂ ಜಪಾನ್, ಅಮೆರಿಕದ ಔಷಧವಾರು ಮಿತಿಯನ್ನು ಪ್ರತ್ಯೇಕವಾಗಿ ನೋಡಲೇಬೇಕು. ಮೆಣಸನ್ನು ಒಬ್ಬೊಬ್ಬರಾಗಿ ರಫ್ತಿನ ಮಾರುಕಟ್ಟೆಗೆ ಸಿದ್ಧಪಡಿಸುವುದನ್ನು ನಾನು ಸಲಹೆ ಮಾಡುವುದಿಲ್ಲ. ಒಂದು ಸರಕಿನ ಉಳಿಕೆ, ಬೂಷ್ಟಿನ ವಿಷ, ಸಾಲ್ಮೊನೆಲ್ಲಾ ಮೂರನ್ನೂ ಪರೀಕ್ಷಿಸುವ ಖರ್ಚು ಹತ್ತು ಚೀಲಕ್ಕೂ ನೂರು ಚೀಲಕ್ಕೂ ಒಂದೇ. ಅಕ್ಕಪಕ್ಕದ ಬೆಳೆಗಾರರು ಗುಂಪಾಗಿ, ಒಂದೇ ಔಷಧದ ಪಟ್ಟಿ, ಒಂದೇ ರೀತಿಯ ಕಣ, ಒಂದೇ ಗೋದಾಮು ಎಂದು ಒಪ್ಪಿಕೊಂಡರೆ ಮಾತ್ರ ಅದು ಹೊರಬಲ್ಲ ಖರ್ಚಾಗುತ್ತದೆ. ಗುಂಪಿನಲ್ಲಿ ಪ್ರತಿ ಸದಸ್ಯರ ರಾಶಿಯ ಮಾದರಿಯನ್ನು ಬೆರೆಸುವ ಮುನ್ನ ಬೇರೆಯಾಗಿ ತೆಗೆದಿಟ್ಟುಕೊಳ್ಳುವ ಕರಾರು ಇರಲೇಬೇಕು, ಇಲ್ಲವಾದರೆ ತೊಂದರೆ ಎಲ್ಲಿಂದ ಬಂತೆಂದು ತಿಳಿಯದೆ ಜಗಳವಾಗುತ್ತದೆ.

ಗುಂಪಿಗೆ ಇನ್ನೂ ಒಂದು ಉಪಯೋಗವಿದೆ. ಯಾವ ದೇಶ ಹೊಸ ಮಿತಿಯನ್ನು ತರುವಾಗಲೂ ಅದನ್ನು ವಿಶ್ವ ವ್ಯಾಪಾರ ಸಂಸ್ಥೆಗೆ ತಿಳಿಸಿ, ಇತರ ದೇಶಗಳು ಅಭಿಪ್ರಾಯ ಹೇಳಲು ಸಾಮಾನ್ಯವಾಗಿ 60 ದಿನಗಳ ಅವಧಿ ಕೊಡಬೇಕು. ಮಸಾಲೆಗಳ ಕೋಡೆಕ್ಸ್ ಸಮಿತಿಯ ಆತಿಥ್ಯ ಭಾರತದ್ದೇ. ಅದರ ಮೊದಲ ಸಭೆ 2014ರಲ್ಲಿ ಕೊಚ್ಚಿಯಲ್ಲಿ ನಡೆಯಿತು, ಕಾಳುಮೆಣಸಿನ ಕೋಡೆಕ್ಸ್ ಮಾನದಂಡ 2017ರಲ್ಲಿ ಬಂತು. ಕಾಂಡಕೊರಕಕ್ಕೆ ಯಾವ ಔಷಧವನ್ನು ಕೊಯ್ಲಿಗೆ ಎಷ್ಟು ದಿನ ಮುಂಚೆ ಬಳಸುತ್ತೇವೆ, ನಮ್ಮ ಹವೆಯಲ್ಲಿ ಅದು ಎಷ್ಟು ಉಳಿಯುತ್ತದೆ ಎಂಬ ಪರೀಕ್ಷೆಯ ವರದಿಗಳನ್ನು ಗುಂಪು ಕೂಡಿಟ್ಟುಕೊಂಡರೆ, ಆ 60 ದಿನಗಳೊಳಗೆ ಕಾಫಿ ಮಂಡಳಿ, ಸಾಂಬಾರ ಮಂಡಳಿಗಳ ಮೂಲಕ ದೆಹಲಿಗೆ ಕಳುಹಿಸಲು ಕೈಯಲ್ಲಿ ಆಧಾರವಿರುತ್ತದೆ. ಮುಂದಿನ ಹೂಮಳೆಯ ಹೊತ್ತಿಗೆ ಗುಂಪಿನ ಮೊದಲ ಸಭೆ ಕರೆದು, ಔಷಧದ ಪಟ್ಟಿಯನ್ನೇ ಅದರ ಮೊದಲ ವಿಷಯವಾಗಿ ಇಟ್ಟುಕೊಳ್ಳಬಹುದು.